ಹುಲ್ಲು ಸಾಯುವ ಮದ್ದು

೧೯೬೬ನೇ ಇಸವಿ ಜನವರಿ ೧೪ನೇ ತಾರೀಕು ಶುಕ್ರವಾರ, ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ, ಬಿಕರ್ನಕಟ್ಟೆ ಗುಡ್ಡದ ಕೆಳಗಿನ ಬೆಟ್ಟುಗದ್ದೆಯಲ್ಲಿ ಚಂಪಾ ಎಂಬ ಹೆಂಗಸು ಬೆಳೆಸಿದ್ದ ಸೌತೆ ಬಳ್ಳಿಗಳ ಮೇಲೆ ಯಾರೋ ಹುಲ್ಲು ಸಾಯುವ ಮದ್ದು ಬಿಟ್ಟರು. ಮುನ್ನೂರ ಹನ್ನೆರಡು ಬುಡ. ಒಂದೂ ಉಳಿಯಲಿಲ್ಲ.

ಫಿರ್ಯಾದು ಠಾಣೆಗೆ ಬಂದದ್ದು ಹದಿನಾರನೇ ತಾರೀಕು ಭಾನುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಹೆಡ್ ಕಾನ್‌ಸ್ಟೇಬಲ್ ಮ್ಯಾಕ್ಸಿಮ್ ಬರೆಯುವ ಮೇಜಿನಲ್ಲಿದ್ದ. ಚಂಪಾ ಬೈರಾಸು ಬಟ್ಟೆಯಲ್ಲಿ ಸುತ್ತಿ ತಂದ ಬಳ್ಳಿಯೊಂದನ್ನು ಅವನೆದುರು ಬಿಚ್ಚಿಟ್ಟಳು. ಎಲೆಗಳು ಒಲೆಯ ಬಾಯಲ್ಲಿ ಹಿಡಿದ ಕಾಗದದ ಹಾಗೆ ಕಂದಿ ಮುದುಡಿದ್ದವು. ತುದಿಯಲ್ಲಿ ಹೆಬ್ಬೆರಳು ಗಾತ್ರದ ಒಂದು ಕಾಯಿ.

ರೋಗವೋ ಏನೋ ಎಂದು ಮ್ಯಾಕ್ಸಿಮ್ ಕೇಳಿದ.

"ಎರಡೇ ದಿನದಲ್ಲಿ ಇಡೀ ಗದ್ದೆಗೆ ಬರುವ ರೋಗ ಎಂತದ್ದು ಪೊರ್ಬುಳೇ? ಬದುವಿನ ಗರಿಕೆ ಸಹ ಸತ್ತಿದೆ. ಸೌತೆಯ ರೋಗ ಗರಿಕೆಗೆ ಬರ್ತದಾ?" ಕ್ರೈಸ್ತರನ್ನು ಊರವರು ಮರ್ಯಾದೆಯಿಂದ ಕರೆಯುವುದು ಪೊರ್ಬುಳು ಎಂದು.

ಹದಿನಾಲ್ಕರಂದು ಗುಡ್ಡದ ಮೇಲೆ ಬಾಲ ಯೇಸುವಿನ ಹಬ್ಬ. ಚಂಪಾ ಬೆಳಿಗ್ಗೆ ಏಳಕ್ಕೇ ಹೋಗಿ ಮೆಟ್ಟಿಲ ಬಳಿ ಎಳನೀರಿನ ಬೊಂಡ ಮಾರಲು ಕೂತಿದ್ದಳು. ಸಂಜೆ ಬಂದಾಗ ಬಳ್ಳಿ ಬಾಡಿದಂತಿತ್ತು, ಬಿಸಿಲಿಗೆಂದು ನೀರು ಹೊಯ್ದಳು. ಮರುದಿನ ಕಂದು, ಅದರ ಮರುದಿನ ಕಡ್ಡಿ. ಇಷ್ಟನ್ನು ಬರೆದುಕೊಂಡು ಮ್ಯಾಕ್ಸಿಮ್ ಮುಂದಿನ ಪ್ರಶ್ನೆ ಹಾಕಿದ. ಗದ್ದೆ ಯಾರದ್ದು?

"ಅಲ್ಫೋನ್ಸ್ ಧಣಿಗಳದ್ದು. ಮಾಡುವುದು ನಾನು. ಮಾವನ ಕಾಲದಿಂದ ಗೇಣಿ."

ಅವನು ಗೇಣಿ ಎಂದೇ ಬರೆದುಕೊಂಡ. ಆ ಒಂದು ಪದದ ಭಾರ ಅವನಿಗೆ ಗೊತ್ತಿತ್ತು. ಹೊಸ ಭೂಮಿ ಕಾನೂನು ಜಾರಿಗೆ ಬಂದು ಮೂರು ತಿಂಗಳು. ಉಳುವ ಗೇಣಿದಾರನನ್ನು ಎಬ್ಬಿಸಬಾರದೆಂದು ಅದರಲ್ಲಿತ್ತು. ಚಂಪಾ ತಾಲೂಕು ಕಚೇರಿಗೆ ಅರ್ಜಿ ಹಾಕಿದ್ದಳು. ಫಳ್ನೀರಿನ ಬಂಗಲೆಯಲ್ಲಿ ಕೂತ ಅಲ್ಫೋನ್ಸ್, ಈ ಹೆಂಗಸು ನನ್ನ ಕೂಲಿಯವಳು ಎಂದು ಉತ್ತರ ಕಳಿಸಿದ್ದ. ಮೂವತ್ತು ವರ್ಷ ತಲೆಹೊರೆಯಲ್ಲಿ ಅವನ ಕಣಜಕ್ಕೆ ಹೋದ ಗೇಣಿ ಅಕ್ಕಿಗೆ ಒಂದು ಚೀಟಿಯೂ ಇರಲಿಲ್ಲ. ಆ ಗದ್ದೆಯನ್ನು ಮಾಡುವವಳು ಅವಳೇ ಎನ್ನುವುದಕ್ಕೆ ಇದ್ದ ಸಾಕ್ಷಿ ಅದರ ಮೇಲಿದ್ದ ಹಸುರು ಮಾತ್ರ.

"ಸೌತೆಗೆ ಅಳುವುದಲ್ಲ ನಾನು," ಎಂದಳು ಚಂಪಾ. "ಬರುವ ತಿಂಗಳು ಗದ್ದೆ ನೋಡ್ಲಿಕ್ಕೆ ಕಚೇರಿಯಿಂದ ಜನ ಬರ್ತಾರೆ. ಬೋಳು ಗದ್ದೆ ಕಂಡರೆ ನನ್ನದು ಮುಗಿಯಿತು."

ಅತಿಕ್ರಮ ಪ್ರವೇಶ, ಬೆಳೆ ನಷ್ಟ ಎಂದು ಕಲಂ ೪೪೭ ಮತ್ತು ೪೨೭ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ಅದನ್ನು ಸಹಿಗೆ ಒಯ್ದಾಗ ಸಬ್ ಇನ್ಸ್‌ಪೆಕ್ಟರ್ ಮೋಹನದಾಸ್ ಕನ್ನಡಿಯ ಮುಂದೆ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಅವನಿಗೆ ಇಪ್ಪತ್ತಾರು. ಪರೀಕ್ಷೆ ಬರೆದು ನೇರವಾಗಿ ನಕ್ಷತ್ರ ಹೆಗಲಿಗೇರಿಸಿಕೊಂಡು ಬಂದವನು. ಮ್ಯಾಕ್ಸಿಮನಿಗೆ ನಲವತ್ತಾರು, ಹೆಡ್ ಕಾನ್‌ಸ್ಟೇಬಲ್ ಆಗಿ ಹನ್ನೊಂದು ವರ್ಷ. ಪ್ರತಿದಿನ ಬೆಳಿಗ್ಗೆ ಆ ನಕ್ಷತ್ರಕ್ಕೆ ಸಲಾಮು ಹೊಡೆಯುವಾಗ ಮ್ಯಾಕ್ಸಿಮನಲ್ಲಿ ಕಿಚ್ಚು ಏಳುತ್ತಿತ್ತು. ಪಾಪನಿವೇದನೆಯಲ್ಲಿ ಪಾದ್ರಿಗೆ ಹೇಳಿಯೂ ಆಗಿತ್ತು. ಹೋಗಿರಲಿಲ್ಲ.

ಹನ್ನೆರಡೂ ನಲವತ್ತಕ್ಕೆ ಸ್ಥಳ ತಲುಪಿದರು. ಸ್ಥಳ ನೋಡಿ ಸಹಿ ಹಾಕುವ ಪಂಚರಾಗಿ ಜಂಕ್ಷನ್ನಿನ ಬೀಡಿ ಅಂಗಡಿಯ ಶುಕೂರ್, ತೆಂಗಿನಮರ ಹತ್ತುವ ಬೂಬ.

ಚಂಪಾಳ ಗದ್ದೆಗೆ ಒತ್ತಿಕೊಂಡೇ ಅಲ್ಫೋನ್ಸನ ಸ್ವಂತ ಗದ್ದೆ. ಅಲ್ಲೊಂದು ಬೋರ್ಡು: ಕಳೆನಾಶಕ ಪ್ರಾತ್ಯಕ್ಷಿಕೆ. ನವೆಂಬರಿನಲ್ಲಿ ಕಂಪೆನಿಯ ಏಜೆಂಟ್ ಒಬ್ಬ ಬಂದು ಒಂದು ಡಬ್ಬಿ ಮದ್ದು, ಬೆನ್ನಿಗೆ ಕಟ್ಟುವ ಒಂದು ಪಂಪು ಕೊಟ್ಟು ಹೋಗಿದ್ದ. ಬೀಜ ಹಾಕುವ ಮೊದಲು ಹಸುರಾದದ್ದರ ಮೇಲೆಲ್ಲ ಇದನ್ನು ಬಿಡಿ, ಕಳೆಯೋ ಬೆಳೆಯೋ ಎಂದು ಇದು ನೋಡುವುದಿಲ್ಲ, ಮಣ್ಣಿಗೆ ಬಿದ್ದದ್ದು ಮಣ್ಣಲ್ಲೇ ಸುಮ್ಮನಾಗುತ್ತದೆ, ವಾರದಲ್ಲಿ ಬೀಜ ಊರಬಹುದು ಎಂದಿದ್ದ. ಹಾಗೆಯೇ ಆಯಿತು. ಧಣಿಯ ಮೇಸ್ತ್ರಿ ಒಸ್ವಾಲ್ಡ್ ಮದ್ದು ಬಿಟ್ಟ. ನಾಲ್ಕು ದಿನದಲ್ಲಿ ಕಳೆ ಒಣಗಿತು. ಕಳೆ ಕೀಳುವ ಹನ್ನೊಂದು ಹೆಂಗಸರನ್ನು ನಾಳೆಯಿಂದ ಬರಬೇಡಿ ಎಂದು ಕಳಿಸಿದರು. ಅವರ ಮಕ್ಕಳು ಏನು ತಿನ್ನುತ್ತಾರೆಂಬುದು ಪ್ರಾತ್ಯಕ್ಷಿಕೆಯಲ್ಲಿ ಸೇರಿರಲಿಲ್ಲ. ಒಸ್ವಾಲ್ಡ್ ಅಗೆಯದ ಗಟ್ಟಿ ನೆಲದಲ್ಲೇ ಸೌತೆ ಬೀಜ ಊರಿದ. ಚಂಪಾ ತನ್ನ ಕಳೆಯನ್ನು ಕೈಯಲ್ಲೇ ಕಿತ್ತು, ಒಣಗಿಸಿ, ಮಣ್ಣಿನೊಂದಿಗೆ ರಾಶಿ ಹಾಕಿ ಬೆಂಕಿ ಕೊಟ್ಟು, ಆ ಸುಡುಮಣ್ಣನ್ನು ಬುಡಬುಡಕ್ಕೆ ಹಾಕಿದಳು. ಕಳೆಯೇ ಅವಳ ಗೊಬ್ಬರ. ಕ್ರಿಸ್ಮಸ್ಸಿನ ಹೊತ್ತಿಗೆ ಚಂಪಾಳ ಗದ್ದೆ ಎಷ್ಟು ಮುಂದಿದೆ ಎಂಬುದು ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತಿತ್ತು.

ಮೋಹನದಾಸ್ ಬದುವಿನ ಮೇಲೆ ನಿಂತು ಅಳತೆ ಹೇಳುತ್ತಿದ್ದ. ಮ್ಯಾಕ್ಸಿಮ್ ಬರೆಯುತ್ತ ಗದ್ದೆಯಂಚಿನ ನೀರಿನ ತೋಡಿನ ಕಡೆ ನಡೆದ. ತೋಡಿನ ದಂಡೆಯಲ್ಲಿ ಮಾತ್ರ ಹುಲ್ಲು ದಟ್ಟ ಹಸುರು. ಆ ಹಸುರಿನ ಮೇಲೆ ಒಣಗಿದ ಕಂದು ಮಚ್ಚೆಗಳಿದ್ದವು. ಸೆಗಣಿ ಒಣಗಿದ್ದೆಂದುಕೊಂಡು ದಾಟಲು ಹೋದವನು ಕಾಲು ಎತ್ತಿಯೇ ನಿಂತ. ಮಚ್ಚೆಗೆ ಆಕಾರವಿತ್ತು. ಮುಂದೆ ಅಗಲ, ನಡುವೆ ಒಂದು ಬೆರಳಷ್ಟು ಹಸುರು, ಹಿಂದೆ ಅರ್ಧಚಂದ್ರ. ಎಡ, ಬಲ, ಎಡ, ಬಲ. ಇಪ್ಪತ್ತಾರು.

"ಸರ್, ಇಲ್ಲಿ ಬನ್ನಿ."

ಮದ್ದು ಬಿಟ್ಟವನ ಕಾಲಿಗೂ ಮದ್ದು ತಾಗಿತ್ತು. ಒದ್ದೆ ಕಾಲಲ್ಲಿ ಅವನು ಹಸುರಿನ ಮೇಲೆ ನಡೆದು ಹೋದಾಗ ಏನೂ ಕಂಡಿರಲಿಕ್ಕಿಲ್ಲ. ಎರಡು ದಿನ ಬಿಸಿಲು ಬಿದ್ದ ಮೇಲೆ ಮೆಟ್ಟಿದಲ್ಲಿ ಹುಲ್ಲು ಸತ್ತು ಹೆಜ್ಜೆ ಎದ್ದಿತ್ತು. ಮೋಹನದಾಸ್ ಕೂತು ನೋಡಿ, ತಲೆಯಾಡಿಸಿ, ಬರೆದುಕೊಳ್ಳಿ ಎಂದ. ಹೆಜ್ಜೆಗಳನ್ನು ಸಬ್ ಇನ್ಸ್‌ಪೆಕ್ಟರರು ಮೊದಲು ಗಮನಿಸಿದರು ಎಂದು ಮ್ಯಾಕ್ಸಿಮ್ ತನ್ನ ಕೈಯಾರೆ ಬರೆದ. ಉದ್ದ ಹತ್ತೂಮುಕ್ಕಾಲು ಇಂಚು. ಹೆಜ್ಜೆಗಳು ಕೆಂಪು ಮುರಕಲ್ಲಿನ ಮೆಟ್ಟಿಲವರೆಗೆ ಬಂದು ಅಲ್ಲಿ ಕಾಣೆಯಾಗಿದ್ದವು. ಮೆಟ್ಟಿಲ ಮೇಲಿಂದ ಎರಡು ದಾರಿ: ಒಂದು ಒಸ್ವಾಲ್ಡನ ಮನೆಗೆ, ಒಂದು ಕಳೆ ಹೆಂಗಸರ ಗುಡಿಸಲುಗಳಿಗೆ. ಪಂಚರು ಸಹಿ ಹಾಕಿದರು.

ಮೂರು ಗಂಟೆಗೆ ಅಲ್ಫೋನ್ಸನ ಕಾರು ಬಂತು. ಅವನು ಇಳಿಯದೆಯೇ ಅಪರಾಧಿಯ ಹೆಸರು ಹೇಳಿದ. ಅಪ್ಪಿ. ಕಳೆ ಹೆಂಗಸರಿಗೆ ಮುಂದಾಳು, ಬಾಯಿ ಜೋರು, ಕೆಲಸ ಹೋದ ಸಿಟ್ಟು. ತನ್ನ ಹಾಗೆ ಇದ್ದವಳಿಗೆ ಗದ್ದೆ ಇರುವುದು ಅವಳ ಕಣ್ಣಿಗೆ ಚುಚ್ಚುತ್ತದೆ. ಮೋಹನದಾಸ್ ಕಾರಿನ ಬಾಗಿಲಿಗೆ ಬಗ್ಗಿ ಎಲ್ಲವನ್ನೂ ಕೇಳಿಕೊಂಡ.

ನಾಲ್ಕೂವರೆಗೆ ಅಪ್ಪಿಯನ್ನು ಠಾಣೆಗೆ ತಂದರು. ಕೂರಲು ಹೇಳಿದವರಿಲ್ಲ, ಅವಳೇ ನೆಲದ ಮೇಲೆ ಕೂತಳು.

"ಚಂಪಾಳ ಮೇಲೆ ನಿನಗೆ ಹೊಟ್ಟೆಕಿಚ್ಚು ಉಂಟಾ?" ಮೋಹನದಾಸ್ ಕೇಳಿದ.

"ಉಂಟು."

"ಉಂಟಾ?"

"ಇರದೆ ಎಂತ? ಅವಳ ಸೌತೆ ನೋಡಿದ ದಿನ ನನಗೆ ಗಂಜಿ ಇಳಿಯಲಿಲ್ಲ. ನನ್ನ ಕೈ ಸಹ ಅದೇ ಕೈ, ನನಗೆ ಗದ್ದೆ ಇಲ್ಲ. ಅದಕ್ಕೆ ಕೇಸು ಉಂಟಾದರೆ ಹಾಕಿ. ಮದ್ದು ನಾನು ಮುಟ್ಟಿದವಳಲ್ಲ. ನನ್ನ ಅನ್ನ ತೆಗೆದ ಮದ್ದನ್ನು ನಾನು ಬೆನ್ನಲ್ಲಿ ಹೊರುವುದಾ?"

ಲಾಕಪ್ಪಿಗೆ ಹಾಕಿ, ರಾತ್ರಿ ಕಳೆದರೆ ಬಾಯಿ ಬಿಡುತ್ತಾಳೆ ಎಂದು ಮೋಹನದಾಸ್ ಇಂಗ್ಲಿಷಿನಲ್ಲಿ ಹೇಳಿದ. ಮ್ಯಾಕ್ಸಿಮ್ ಅಳತೆಪಟ್ಟಿ ತೆಗೆದು ಅಪ್ಪಿಯ ಪಾದದ ಪಕ್ಕ ಇಟ್ಟ. ಎಂಟೂವರೆ. ಬಿರುಕು ಬಿಟ್ಟ ಬರಿಗಾಲು.

"ಸರ್, ಹುಲ್ಲಿನ ಮೇಲೆ ಬಿದ್ದದ್ದು ಬೂಟು. ಹಿಮ್ಮಡಿ ಬೇರೆ, ಅಟ್ಟೆ ಬೇರೆ. ಈ ಗದ್ದೆಗಳ ಕಡೆ ಬೂಟು ಹಾಕಿ ಬರುವ ಜನ ಇಬ್ಬರೇ. ಒಬ್ಬರು ಕಾರಿನಿಂದ ಇಳಿಯುವುದಿಲ್ಲ."

ಮೋಹನದಾಸ್ ಹೋಗು ಎಂದು ಕೈಬೀಸಿದ. ಅಪ್ಪಿ ಎದ್ದು ಸೆರಗು ಕೊಡವಿದಳು. "ನನಗೆ ಬೂಟು ಒಂದು ತೆಗೆದುಕೊಡಿ ಮಾರಾಯ್ರೆ, ಆಮೇಲೆ ಹಿಡಿಯಿರಿ," ಎಂದು ಹೊರಟುಹೋದಳು.

ಹದಿನೇಳು, ಸೋಮವಾರ, ಬೆಳಿಗ್ಗೆ ಏಳೂ ಹತ್ತು. ಒಸ್ವಾಲ್ಡ್ ಜಗಲಿಯಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ. ಬಟ್ಟೆಯ ಮೇಲೆ ರಕ್ತದ ಚುಕ್ಕೆಗಳು, ಮದ್ದಿನ ತುಂತುರು ಮೂಗಿಗೆ ಹೋದವರಿಗೆ ಬರುವಂಥವು. ಐವತ್ತು ದಾಟಿದ ಒಂಟಿ ಮನುಷ್ಯ. ಬಾಗಿಲ ಬಳಿ ಕಂದು ತೊಗಲಿನ ಬೂಟು, ಹಳೆಯದು, ಅಟ್ಟೆ ಹೊಸತು. ಅಲ್ಫೋನ್ಸ್ ಹಾಕಿ ಬಿಟ್ಟದ್ದು. ಊರಿನಲ್ಲಿ ಬೇರೆ ಯಾವ ಕೆಲಸದವನಿಗೂ ಧಣಿಯ ಬೂಟು ಸಿಕ್ಕಿರಲಿಲ್ಲ. ಒಸ್ವಾಲ್ಡ್ ಅದನ್ನು ದಿನಾ ಪಾಲಿಶ್ ಮಾಡುತ್ತಿದ್ದ.

ಮ್ಯಾಕ್ಸಿಮ್ ಅಳತೆ ಹಿಡಿದ. ಹತ್ತೂಮುಕ್ಕಾಲು.

ಹಬ್ಬದ ದಿನ ಎಲ್ಲಿದ್ದೆ ಎಂದು ಕೇಳಿದಾಗ ಒಂಬತ್ತರ ಪೂಜೆಯಲ್ಲಿ ಎಂದ.

"ಶೆರ್ಮಾಂವ್ ಯಾರು ಮಾಡಿದ್ದು?" ಪೂಜೆಯ ನಡುವಿನ ಪ್ರವಚನದ ಬಗ್ಗೆ ಮ್ಯಾಕ್ಸಿಮ್ ಕೇಳಿದ.

"ನಮ್ಮ ಪಾದ್ರಿಗಳು."

"ಆ ದಿನ ಶೆರ್ಮಾಂವಿಗೆ ಹೊರಗಿನ ಪಾದ್ರಿ ಬಂದಿದ್ದರು ಒಸ್ವಾಲ್ಡ್. ಬಾಗಿಲಲ್ಲಿ ಬಂದೋಬಸ್ತಿಗೆ ಇದ್ದವನು ನಾನೇ."

ಒಸ್ವಾಲ್ಡ್ ಕರವಸ್ತ್ರ ಮಡಚಿದ. ಪಂಪು ಎಲ್ಲಿದೆ ಎಂದು ಕೇಳುವ ಮೊದಲೇ ಕೊಟ್ಟಿಗೆಯ ಕಡೆ ಕೈ ತೋರಿಸಿದ. ಮುಕ್ಕಾಲು ಖಾಲಿಯಾದ ಡಬ್ಬಿ, ಪಂಪು, ಬೂಟು ಜಪ್ತಿಯಾದವು. ಪಂಪನ್ನು ತೋಡಿನಲ್ಲಿ ಮೂರು ಸಲ ತೊಳೆದಿದ್ದೆ, ಬೂಟಿನ ಅಡಿಯ ಯೋಚನೆ ಬರಲಿಲ್ಲ ಎಂದ. ನವೆಂಬರಿನಲ್ಲಿ ಕಳೆಗೆ ಬಿಟ್ಟಾಗ ಸುತ್ತ ಎಲ್ಲವೂ ಸಾಯಲೆಂದೇ ಇದ್ದ ಹುಲ್ಲು. ಕಾಲು ಎಲ್ಲಿ ಇಟ್ಟರೂ ಗೊತ್ತಾಗುವಂತಿರಲಿಲ್ಲ. ಎಂಟೂ ಐವತ್ತಕ್ಕೆ ದಸ್ತಗಿರಿ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು ಮ್ಯಾಕ್ಸಿಮನೇ. ಮೋಹನದಾಸ್ ಕೇಳಿದ್ದು ಒಂದೇ: ಧಣಿಗಳು ಹೇಳಿ ಮಾಡಿಸಿದ್ದಾ? ಅಲ್ಲ ಎಂದ ಒಸ್ವಾಲ್ಡ್. ಮತ್ತೆ ಅವನು ಹೇಳಿದ್ದು ಮ್ಯಾಕ್ಸಿಮನಿಗೆ, ಕೊಂಕಣಿಯಲ್ಲಿ, ಮೇಜಿನ ಮೇಲಿನ ಶಾಯಿ ಕಲೆ ನೋಡುತ್ತ. ಕ್ರಿಸ್ಮಸ್ಸಿನ ಮರುದಿನ ಏಜೆಂಟ್ ಫೋಟೊ ತೆಗೆಯಲು ಬಂದ. ಒಸ್ವಾಲ್ಡ್ ಇಸ್ತ್ರಿಯ ಅಂಗಿ ಹಾಕಿ ತನ್ನ ಗದ್ದೆಯಲ್ಲಿ ನಿಂತ. ಏಜೆಂಟ್ ಅವನನ್ನು ದಾಟಿ ಹೋಗಿ ಚಂಪಾಳ ಬಳ್ಳಿಯ ಫೋಟೊ ತೆಗೆದ, ಮದ್ದಿನ ಗದ್ದೆ ಅದೇ ಎಂದುಕೊಂಡು. ಧಣಿಗಳು ತಿದ್ದಲಿಲ್ಲ, ನಕ್ಕರು. ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತೀ, ಮದ್ದು ಕೊಟ್ಟರೂ ಆ ಹೆಂಗಸಿನಷ್ಟು ಆಗಲಿಲ್ಲವಲ್ಲ ನಿನಗೆ ಎಂದರು.

"ಅಷ್ಟು ಜನರ ಮುಂದೆ," ಎಂದ ಒಸ್ವಾಲ್ಡ್. "ಅವಳು ಸಹ ಅಲ್ಲೇ ಇದ್ದಳು. ನಗಲಿಲ್ಲ ಅವಳು. ನಕ್ಕಿದ್ದರೆ ಒಳ್ಳೆಯದಿತ್ತು. ಪಾಪ ಅಂತ ನೋಡಿದಳು. ಅಂದಿನಿಂದ ಆ ಹಸುರು ನೋಡ್ಲಿಕ್ಕೆ ನನ್ನಿಂದ ಆಗ್ತಿರಲಿಲ್ಲ. ಕಿಟಕಿ ಮುಚ್ಚಿದೆ. ಮುಚ್ಚಿದರೂ ಕಾಣ್ತಿತ್ತು."

ನಕ್ಕವನ ಮೇಲೆ ಯಾಕೆ ಸಿಟ್ಟು ಬರಲಿಲ್ಲ ಎಂದು ಮ್ಯಾಕ್ಸಿಮ್ ಕೇಳಬೇಕೆಂದಿದ್ದ. ಕೇಳದೆಯೇ ಗೊತ್ತಿತ್ತು. ಮೇಲಿನವನ ಕಡೆ ನೋಡಲು ಕುತ್ತಿಗೆ ಎತ್ತಬೇಕು. ಪಕ್ಕದವಳ ಕಡೆ ನೋಡಲು ಬೇಡ. ಸ್ವಂತ ನೆಲವಿಲ್ಲದ ಇಬ್ಬರ ನಡುವೆ ಒಂದು ಬದು ಹಾಕಿ ಕೊಟ್ಟರೆ ಸಾಕು, ಉಳಿದ ಕೆಲಸವನ್ನು ಅವರೇ ಮಾಡಿಕೊಳ್ಳುತ್ತಾರೆ. ಇದನ್ನು ಹೇಳಿಕೆಯಲ್ಲಿ ಬರೆಯಲು ಜಾಗವಿರಲಿಲ್ಲ. ಜಾಗವಿದ್ದರೂ ಬರೆಯುವ ಕೈ ಅಂಥದ್ದೇ ಕಿಚ್ಚಿನಲ್ಲಿ ಹನ್ನೊಂದು ವರ್ಷ ಬೆಂದಿತ್ತು.

ಹನ್ನೆರಡಕ್ಕೆ ಅಲ್ಫೋನ್ಸ್ ಬಂದ. ಈ ಸಲ ಕಾರಿನಿಂದ ಇಳಿದ. ಒಸ್ವಾಲ್ಡನ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡ. ಅವನು ಬಿಡಿಸಲು ಬಂದವನಲ್ಲ. ಅರ್ಧ ಗಂಟೆಯ ಮೇಲೆ ಮೋಹನದಾಸ್ ಮ್ಯಾಕ್ಸಿಮನನ್ನು ಕರೆದು ವಿವರಿಸಿದ. ಕೇಸು ನಡೆಯಲಿ, ಒಸ್ವಾಲ್ಡನಿಗೆ ಶಿಕ್ಷೆಯೂ ಆಗಲಿ. ಆದರೆ ಗದ್ದೆ ಧಣಿಗಳ ಸ್ವಂತ ಸಾಗುವಳಿ, ಬೆಳೆ ಧಣಿಗಳದ್ದು, ನಷ್ಟವೂ ಧಣಿಗಳದ್ದು. ಫಿರ್ಯಾದಿ ಅವರೇ. ಚಂಪಾ ಕಳೆ ಕೀಳುವ ಕೂಲಿ, ಸಾಕ್ಷಿ ಮಾತ್ರ. ನಿನ್ನೆ ಭಾನುವಾರವಾದ್ದರಿಂದ ಕಾಗದಗಳು ಇನ್ನೂ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹೋಗಿಲ್ಲ. ಮ್ಯಾಕ್ಸಿಮನೇ ಅದೇ ಕೈಬರಹದಲ್ಲಿ ಹೊಸದಾಗಿ ಬರೆದು ಮೂರು ಗಂಟೆಯೊಳಗೆ ಕಳಿಸಿದರೆ ಆಯಿತು. ಪಂಚರ ಸಹಿ ತರಿಸಿಕೊಳ್ಳುವುದು ಧಣಿಗಳ ಜವಾಬ್ದಾರಿ.

ಮ್ಯಾಕ್ಸಿಮ್ ಹೊರಗೆ ನೋಡಿದ. ಚಂಪಾ ಬೆಳಿಗ್ಗೆಯಿಂದ ಜಗಲಿಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳು ಕೇಳಿದ್ದು ಒಂದೇ, ಪಂಚನಾಮೆಯ ನಕಲು. ತಾಲೂಕು ಕಚೇರಿಯವರು ಬಂದಾಗ ಬೋಳು ಗದ್ದೆಯ ಮುಂದೆ ಹಿಡಿದು ನಿಲ್ಲಲು ಒಂದು ಕಾಗದ.

"ಕಳೆದ ತಿಂಗಳೇ ನಾನು ಹೇಳಬೇಕೆಂದಿದ್ದೆ," ಮೋಹನದಾಸ್ ಹೊಸ ಹಾಳೆಗಳನ್ನು ಮುಂದಿಟ್ಟ. "ನಿಮ್ಮದು ಒಳ್ಳೆಯ ಕಣ್ಣು ಮ್ಯಾಕ್ಸಿಮ್. ಹೆಜ್ಜೆ ಕಂಡದ್ದು ನೀವು ಅಂತಲೇ ಬರೆಯಿರಿ ಈ ಸಲ. ನಿಮ್ಮ ಪ್ರಮೋಷನ್ನಿಗೆ ನಾನು ಇವತ್ತೇ ಮೇಲೆ ಬರೆಯುತ್ತೇನೆ. ಗೇಣಿ ಎನ್ನುವ ಕಡೆ ಕೂಲಿ. ಅಷ್ಟೇ."

ಹನ್ನೊಂದು ವರ್ಷ ಕಾದ ಮಾತು ಕೊನೆಗೂ ಕಿವಿಗೆ ಬಿತ್ತು. ಮ್ಯಾಕ್ಸಿಮನ ಕಣ್ಣು ಮೊದಲು ಹೋದದ್ದು ಎದುರಿನವನ ಹೆಗಲಿಗೆ. ತಾನು ಈಗ ಹೇಳಲಿರುವುದು ಆ ಹೆಂಗಸಿಗಾಗಿಯೋ, ಈ ಹುಡುಗನ ನಕ್ಷತ್ರದ ಮೇಲಿನ ಕಿಚ್ಚಿಗಾಗಿಯೋ ಎಂದು ತನ್ನನ್ನೇ ಕೇಳಿಕೊಂಡ. ಉತ್ತರಕ್ಕೆ ಕಾಯುತ್ತ ಕೂರುವಷ್ಟು ಹೊತ್ತಿರಲಿಲ್ಲ. ಪೆನ್ನಿನ ಮುಚ್ಚಳ ತಿರುಗಿಸಿ ಹಾಕಿದ.

"ಬರೆಯುವುದಿಲ್ಲ ಸರ್."

"ಇದು ಆರ್ಡರ್."

"ಆರ್ಡರನ್ನು ಬರವಣಿಗೆಯಲ್ಲಿ ಕೊಡಿ," ಎಂದ ಮ್ಯಾಕ್ಸಿಮ್. "ಕೊಟ್ಟರೂ ಬರೆಯುವುದಿಲ್ಲ."