ಬಾಸ್‌ನ ವಸಡು

"ಹತ್ತಿರ ಬಂದ್ರೆ ಕಚ್ಚಿಬಿಡ್ತೀನಿ!"

ಬಾಸ್ ಬರೀ ಮಾತಿನವರಲ್ಲ. ಮರುಕ್ಷಣ ನನ್ನ ಹೆಬ್ಬೆರಳು ಅವರ ಬಾಯಲ್ಲಿತ್ತು!

ರಕ್ತ ಬಂತು... ನನ್ನದಲ್ಲ, ಅವರ ವಸಡಿನದು.

ನೋಡಿ, ಬರಲೊಲ್ಲದವರನ್ನು ಎಳೆದು ತರುವುದು ನನ್ನ ಕಸುಬು. ರೌಡಿಗಳನ್ನು ತಂದಿದ್ದೇನೆ, ಓಡಿಹೋದ ಮದುಮಗನನ್ನೂ ತಂದಿದ್ದೇನೆ. ಎಪ್ಪತ್ತು ದಾಟಿದವರನ್ನು ಹಲ್ಲಿನ ಕ್ಲಿನಿಕ್ಕಿಗೆ ತಂದದ್ದು ಇದೇ ಮೊದಲು. ಅದೂ ಈ ಕಸುಬು ಕಲಿಸಿದ ಬಾಸ್ ಅವರನ್ನೇ! ಒಂದು ಕಾಲಕ್ಕೆ ಅರ್ಧ ಊರಿನ ಹಲ್ಲು ಉದುರಿಸಿದವರು... ಈಗ ಮೆಷಿನ್ ಸದ್ದಿಗೆ ನಡುಗುತ್ತಿದ್ದರು.

ಕೆಲಸ ಒಪ್ಪಿಸಿದ್ದು ಅವರ ಮಗಳು.

"ಅಣ್ಣಾ, ಅಪ್ಪ ನಿನ್ನೆ ನನ್ನನ್ನೇ 'ಯಾರಮ್ಮ ನೀನು' ಅಂದ್ರು. ವಸಡು ಕೆಟ್ರೆ ಮೆದುಳಿಗೂ ತೊಂದ್ರೆ ಅಂತಾರಲ್ಲ... ಹೇಗಾದ್ರೂ ಕರ್ಕೊಂಡ್ ಬಾ."

ಅತ್ತಳು. ನನಗೂ ಸಂಕಟವಾಯಿತು.

ಬಾಸ್ ಬೆರಳು ಬಿಟ್ಟು ಮೀನಿನ ತೊಟ್ಟಿಯ ಹಿಂದೆ ನುಗ್ಗಿದರು. ಅಡ್ಡಹಾಕಿದೆ. ನನ್ನಿಂದ ನುಣುಚಿಕೊಂಡು, ಗೂಟದಲ್ಲಿದ್ದ ಬಿಳಿ ಕೋಟು ಏರಿಸಿಕೊಂಡು ಡಾಕ್ಟರ ಗತ್ತಿನಲ್ಲಿ ಹೊರಟರು. ದಾರಿಯಲ್ಲಿ ಕೂತಿದ್ದ ಪೇಶೆಂಟಿಗೆ "ಎಲ್ಲಾ ಕೀಳ್ಬೇಕು" ಅಂದೂಬಿಟ್ಟರು! ಆತ ಮುಂಬಾಗಿಲಿನಿಂದ ಪರಾರಿ. ಬಾಸ್ ಹಿಂಬಾಗಿಲಿಗೆ!

ಬೀಗ ಬಿದ್ದಿತ್ತು.

"ಯಾವನೋ ಹಾಕಿದ್ದು?"

"ನಾನೇ ಬಾಸ್. ಕೀ ನನ್ನ ಜೇಬಲ್ಲಿದೆ."

"ಭಲೇ! ಯಾರೋ ಕಲಿಸಿದ್ದು?"

"ನೀವೇ... 'ಮೊದ್ಲು ಹಿಂಬಾಗಿಲು, ಆಮೇಲೆ ಮಾತು' ಅಂತ."

ನನ್ನ ಮುಖವನ್ನೇ ನೋಡಿದರು. ಗುರುತು ಹತ್ತಲಿಲ್ಲ. ಆಮೇಲೆ ಏನನ್ನಿಸಿತೋ, ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. ತಾವೇ ಹೋಗಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದರು.

ನಾನು ಕಣ್ಣೊರೆಸಿಕೊಂಡೆ.

ಡಾಕ್ಟರಮ್ಮ ಕ್ಲೀನ್ ಮಾಡಿ ಮುಗಿಸಿದರು.

"ಅಪ್ಪನ ನೆನಪು ವಾಪಸ್ ಬರುತ್ತಾ?" ಎಂದಳು ಜೊತೆಗೇ ಬಂದಿದ್ದ ಮಗಳು.

"ಎರಡಕ್ಕೂ ನಂಟಿದೆ ಅಂತಾರೆ, ಪೂರ್ತಿ ಯಾರಿಗೂ ಗೊತ್ತಿಲ್ಲಮ್ಮ. ಹೋಗಿದ್ದು ಬರುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಬಾಯಲ್ಲಿ ಕೀವು ಇಟ್ಕೊಂಡು ಕೂರೋದ್ಯಾಕೆ?"

ಬಾಸ್ ಎದ್ದರು. ಮಗಳ ಕೆನ್ನೆ ತಟ್ಟಿ, "ಅಳ್ಬೇಡಮ್ಮ" ಎಂದರು. ಹೆಸರು ಹಿಡಿದು ಕರೆಯಲಿಲ್ಲ. ಆದರೂ ಅವಳು ನಕ್ಕಳು. ನಾನೂ ಹಲ್ಲು ಕಿರಿದೆ.

ಅದೇ ತಪ್ಪಾಯಿತು!

"ನಿಮ್ಮ ವಸಡೂ ಊದಿದೆಯಲ್ಲ! ಉಜ್ಜುವಾಗ ರಕ್ತ ಬರುತ್ತಾ?" ಎಂದರು ಡಾಕ್ಟರಮ್ಮ.

"ಸ್ವಲ್ಪ... ವರ್ಷಗಳಿಂದ..."

"ಕೂತ್ಕೊಳ್ಳಿ."

ಮೆಷಿನ್ ಗುಂಯ್ ಎಂದಿತು. ಮುಂಬಾಗಿಲಿಗೆ ಮಗಳು ಅಡ್ಡ ನಿಂತಳು. ಹಿಂಬಾಗಿಲಿಗೆ ಓಡಿ ಜೇಬಿಗೆ ಕೈ ಹಾಕಿದೆ.

ಕೀ ಇಲ್ಲ!

ಬಾಸ್ ಅದನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು. ಯಾವಾಗ ಎಗರಿಸಿದರು, ಯಾಕೆ ಎಗರಿಸಿದರು... ಅವರಿಗೂ ನೆನಪಿದ್ದಂತಿರಲಿಲ್ಲ.

ಆ ಅಪ್ಪುಗೆಗೆ ನಾನು ಕಣ್ಣೀರು ಹಾಕಿದ್ದೆ, ಥತ್!