ಬಲಗಡೆಯ ನೆರಳು

"ಉಸಿರು ಒಳಗೆ ಎಳೆಯಿರಿ. ಹಿಡಿಯಿರಿ."

ಯಶೋಧಾ ಟೀಚರ್ ಎದೆಯನ್ನು ಎಕ್ಸ್-ರೇ ಹಲಗೆಗೆ ಒತ್ತಿ ಉಸಿರು ಹಿಡಿದಳು. ಗುಂಡಿ ಒತ್ತಬೇಕಾದ ಭರತರಾಜನೂ ಉಸಿರು ಹಿಡಿದು ನಿಂತುಬಿಟ್ಟ. ಬಲಭುಜದ ಮೇಲಿಂದ ಮುಂದಕ್ಕೆ ಜಾರಿದ ಜಡೆ, ಅದರಲ್ಲಿ ಎರಡೆಳೆ ಅಬ್ಬಲಿಗೆ. ಕಿಟಕಿಯ ಎಳೆಬಿಸಿಲು ಆ ಹೂವಿನ ಮೇಲೆಯೇ ಬಿದ್ದಿತ್ತು.

"ಬಿಡಬಹುದಾ ಮಾರಾಯ್ರೆ? ಪ್ರಾಣ ಹೋಗ್ತದೆ!"

ಅಯ್ಯೋ! ಅವನು ಗಡಬಡಿಸಿ ಗುಂಡಿ ಒತ್ತಿದ.

ಮೂಡಬಿದಿರೆಯ ಆ ಸಣ್ಣ ಆಸ್ಪತ್ರೆಗೆ ಎಕ್ಸ್-ರೇ ಯಂತ್ರ ಬಂದದ್ದು ಎರಡು ವರ್ಷದ ಹಿಂದೆ, ಅಂದರೆ ಸಾವಿರದ ಒಂಬೈನೂರ ಅರವತ್ತೊಂದರಲ್ಲಿ. ಯಂತ್ರದ ಜೊತೆಗೇ ಬಂದವನು ಭರತರಾಜ. ಸಿದ್ಧಕಟ್ಟೆಯ ಶಾಲೆಯ ಯಶೋಧಾಳಿಗೆ ಬೆಳ್ತಂಗಡಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ಆದರೆ ತಿಂಗಳಿಂದ ಬಿಡದ ಕೆಮ್ಮು. ಎದೆ ಸರಿಯಿದೆ ಎಂಬ ಸರ್ಟಿಫಿಕೇಟು ಶುಕ್ರವಾರದೊಳಗೆ ಕೊಡದಿದ್ದರೆ ಕೆಲಸ ಬೇರೆಯವರಿಗೆ.

"ನನ್ನ ಎದೆಯಲ್ಲಿ ಎಂತ ಉಂಟು?" ಎಂದು ಕೇಳಿದಳು.

"ಅದು ನಾನು ಹೇಳ್ಲಿಕ್ಕಿಲ್ಲ. ಗುರುವಾರ ಮಂಗಳೂರಿಂದ ಡಾಕ್ಟರು ಬಂದು ನೋಡಿ ಬರೀತಾರೆ."

"ನೀವು ನೋಡುವುದಿಲ್ಲವಾ?"

"ನೋಡ್ತೇನೆ. ಹೇಳುವುದಿಲ್ಲ."

"ಪಾಪ!" ಎಂದು ನಕ್ಕು ಹೋದಳು. ಆ ನಗು ಮೂರು ದಿನ ಅವನ ಕಿವಿಯಲ್ಲಿತ್ತು. ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡವನು ಕಲಸಲೂ ಮರೆತು ಕುಳಿತಿದ್ದನ್ನು ಕಂಡು ತಾಯಿ, "ಇವನಿಗೆ ಯಾರದೋ ದೃಷ್ಟಿ ತಾಗಿದೆ" ಎಂದು ಉಪ್ಪು ನಿವಾಳಿಸಿದರು.

ಗುರುವಾರ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಬಲ ಶ್ವಾಸಕೋಶದ ತುದಿಯಲ್ಲಿ ನೆರಳುಂಟು. ಕ್ಷಯವೇ ಇರಬೇಕು. ಸ್ಯಾನಿಟೋರಿಯಂಗೆ ಬರೆಯುವ."

ಹೊರಗೆ ಬೆಂಚಿನಲ್ಲಿ ಯಶೋಧಾ ಕುಳಿತಿದ್ದಳು. ಭರತರಾಜ ಡಾಕ್ಟರ ಹೆಗಲ ಮೇಲಿಂದ ಫಿಲ್ಮನ್ನು ಇಣುಕಿ ನೋಡಿದ. ನೆರಳು ಶ್ವಾಸಕೋಶದಲ್ಲೇ ನಿಂತಿರಲಿಲ್ಲ. ಕೊರಳೆಲುಬು ದಾಟಿ ಕುತ್ತಿಗೆಯವರೆಗೂ ಏರಿತ್ತು, ಹೆಣೆದ ಹಗ್ಗದ ಹಾಗೆ. ಜಡೆ! ಬಂದ ಹೆಂಗಸರಿಗೆಲ್ಲ "ಕೂದಲು ಮೇಲಕ್ಕೆ ಕಟ್ಟಿಕೊಳ್ಳಿ" ಎಂದು ಮೊದಲು ಹೇಳುವವನು ಅವನೇ. ಅವಳಿಗೆ ಮಾತ್ರ ಹೇಳಿರಲಿಲ್ಲ.

ಹಿಂದೊಮ್ಮೆ ಬಾಯಿ ಹಾಕಿದ್ದಕ್ಕೆ ಡಾಕ್ಟರು, "ತೆಗೆಯುವುದು ನಿನ್ನ ಕೆಲಸ, ಓದುವುದು ನನ್ನದು. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗು" ಎಂದಿದ್ದರು. ಕೆಲಸ ಹೋದರೆ ಹೋಗಲಿ ಎಂದುಕೊಂಡ.

"ಅದು ರೋಗ ಅಲ್ಲ ಡಾಕ್ಟ್ರೆ, ಜಡೆಯ ನೆರಳು. ತಪ್ಪು ನನ್ನದು. ಇನ್ನೊಮ್ಮೆ ತೆಗೀತೇನೆ."

ಡಾಕ್ಟರು ದುರುಗುಟ್ಟಿದರು, ಆದರೆ ತಲೆಯಾಡಿಸಿದರು. ಯಶೋಧಾ ಜಡೆಯನ್ನು ನೆತ್ತಿಗೆ ಸುತ್ತಿ ನಿಂತಳು. ಈ ಸಲ ಅವನು ಗುಂಡಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ನೀರು ತೊಟ್ಟಿಕ್ಕುವ ಹೊಸ ಫಿಲ್ಮಿನಲ್ಲಿ ಎದೆಯ ಎರಡೂ ಕಡೆ ಸ್ವಚ್ಛ.

"ಹಾಗಾದರೆ ಅವತ್ತು ನಿನ್ನ ಕಣ್ಣು ಎಲ್ಲಿತ್ತು?" ಡಾಕ್ಟರು ಗದರಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭರತರಾಜನ ಮುಖವೆಲ್ಲ ಕೆಂಪಾಯಿತು. ಬಾಗಿಲಲ್ಲಿ ಯಶೋಧಾ ನಿಂತಿದ್ದಾಳೆಂದು ಗೊತ್ತಿದ್ದೂ ಹೇಳಿಯೇಬಿಟ್ಟ. "ಅವರ ಜಡೆಯ ಮೇಲೆಯೇ ಇತ್ತು."

ಡಾಕ್ಟರು ಕೆಮ್ಮಿದರು. ಹಳೆಯ ರಿಪೋರ್ಟು ಹರಿದು ಹೊಸದು ಬರೆದರು. "ಇನ್ನು ಮೇಲೆ ಫಿಲ್ಮಿನ ಜೊತೆ ನಿನಗೆ ಕಂಡದ್ದನ್ನೂ ಒಂದು ಚೀಟಿಯಲ್ಲಿ ಬರೆದಿಡು ಮಾರಾಯ" ಎಂದು ಎದ್ದು ಹೋದರು.

ಸರ್ಟಿಫಿಕೇಟು ಮಡಚುತ್ತ ಯಶೋಧಾ ತಲೆ ಎತ್ತದೆ ಕೇಳಿದಳು, "ನನಗೂ ಒಂದು ಚೀಟಿ ಬೇಕಿತ್ತು."

ಅವನು ಬರೆದ: 'ನಿಮ್ಮ ಎದೆಯಲ್ಲಿ ದೋಷವಿಲ್ಲ. ನನ್ನ ಎದೆಯಲ್ಲಿ ನೀವಿದ್ದೀರಿ. ಭಾನುವಾರ ಅಮ್ಮನನ್ನು ಕರೆದುಕೊಂಡು ನಿಮ್ಮ ಮನೆಗೆ ಬರಬಹುದೇ?'

ಓದಿದಳು. ಮತ್ತೊಮ್ಮೆ ಓದಿದಳು.

"ಹೊತ್ತು ಮುಳುಗುವ ಮೊದಲೇ ಬನ್ನಿ. ಆಮೇಲೆ ನಮ್ಮ ಜೈನರ ಮನೆಗಳಲ್ಲಿ ಊಟ ಇಲ್ಲ, ನಿಮಗೇ ಗೊತ್ತುಂಟಲ್ಲ. ಅಮ್ಮ ಉಪವಾಸ ಹೋಗಬಾರದು."

ಬಾಗಿಲು ದಾಟುವಾಗ ನೆತ್ತಿಯ ಜಡೆ ಬಿಚ್ಚಿ, ಬೇಕೆಂದೇ, ಬಲಭುಜದ ಮುಂದಕ್ಕೆ ಎಳೆದುಕೊಂಡಳು.