ಕಕ್ಷಿದಾರಳನ್ನು ಕೇಳದೆ ಮಾಡಿದ ವಾದ

ಬಾಯೇ ಇಲ್ಲದವಳು ವಕೀಲಳಾಗುವುದಾದರೂ ಹೇಗೆ?

ಕಾಲೇಜಿನಲ್ಲಿ ವಿಷಯ ಆರಿಸುವ ಸಾಲಿನಲ್ಲಿ ನಿಂತು ಪುಟ್ಟಿ ತನ್ನನ್ನೇ ಕೇಳಿಕೊಂಡಳು. ಮನೆಯಲ್ಲಿ ಅಕ್ಕ ಆಗಲೇ ತೀರ್ಪು ಕೊಟ್ಟಾಗಿತ್ತು. "ನೀನು ಬಾಯಿ ಬಿಡೋ ಹೊತ್ತಿಗೆ ಜಡ್ಜು ರಿಟೈರ್ ಆಗಿರ್ತಾರೆ ಕಣೇ."

ಮೇಜಿನ ಹಿಂದಿದ್ದ ಮೇಡಂ ಕನ್ನಡಕ ಏರಿಸಿದರು. "ಪದವಿಗೆ ಮುಖ್ಯ ವಿಷಯ ಯಾವುದಮ್ಮಾ?"

ತತ್ವಶಾಸ್ತ್ರ... ಹೆಸರು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

"ರಾಜ್ಯಶಾಸ್ತ್ರ, ಮೇಡಂ," ಎಂದಿತು ಬೆನ್ನ ಹಿಂದಿನ ದನಿ. "ಇವಳು ಮುಂದೆ ಲಾ ಓದ್ತಾಳೆ."

ಅವನೇ. ಶಾಲೆಯಿಂದಲೂ ಪಕ್ಕದ ಬೆಂಚಿನವನು. ಯಾರದೇ ಜಗಳವಿರಲಿ, ಮೈಮೇಲೆ ಎಳೆದುಕೊಂಡು ವಾದಿಸಿ ಎಲ್ಲರ ಬಾಯಲ್ಲೂ 'ಲಾಯರ್' ಆದವನು. ಅವನೂ ಲಾ ಕಾಲೇಜಿನ ಕನಸಿನವನೇ. ತನಗೆ ರಾಜ್ಯಶಾಸ್ತ್ರವೇ ಎಂದು ಅವಳಿಗೂ ಆಗಲೇ ಹೇಳಿದ್ದ. ಈಗ ಅವನ ಕಣ್ಣಲ್ಲಿ ಉಪಕಾರ ಮಾಡಿದವನ ಹೊಳಪು.

ಮೇಡಂ ಬರೆದುಕೊಂಡರು. ಪುಟ್ಟಿ ಅವನತ್ತ ತಿರುಗಿಯೂ ನೋಡದೆ ಹೊರಟುಹೋದಳು.

ಅಂದಿನಿಂದ ಅವನು ಪಕ್ಕದ ಕುರ್ಚಿ ಹಿಡಿದಿಟ್ಟರೆ ಅವಳು ಹಿಂದಿನ ಸಾಲಿಗೆ ಹೋದಳು. ಅವನು ನಕ್ಕರೆ ಕಿಟಕಿ ನೋಡಿದಳು.

ವಿಷಯ ಬದಲಿಸಿಕೊಳ್ಳುವ ಕೊನೆಯ ದಿನ ಮೆಟ್ಟಿಲ ತಿರುವಿನಲ್ಲಿ ಅವನು ಅಡ್ಡ ಬಂದ.

"ಏನು ತಪ್ಪು ಮಾಡ್ದೆ ಅಂತಾದ್ರೂ ಹೇಳೇ."

"ಕಕ್ಷಿದಾರಳನ್ನ ಕೇಳದೆ ವಾದ ಮಾಡ್ಬಿಟ್ಟೆ. ನನ್ನ ಕೇಸನ್ನ ನಿಂಗೆ ಕೊಟ್ಟೋರ್ಯಾರು?"

ಅವನ ಮುಖ ಇಳಿಯಿತು.

"ನೀನು ಒದ್ದಾಡ್ತಿದ್ದೆ... ನೋಡಕ್ಕಾಗ್ಲಿಲ್ಲ. ಲಾ ಓದೋರೆಲ್ಲ ಅದನ್ನೇ ತಗೋತಾರೆ ಅಂದ್ಕೊಂಡೆ." ತಡೆದು, ನೆಲ ನೋಡುತ್ತ ಹೇಳಿದ. "ಒಂದೇ ಕ್ಲಾಸಲ್ಲಿ ಇರ್ತೀವಲ್ಲ ಅನ್ನೋ ಆಸೇನೂ ಇತ್ತು. ತಪ್ಪಾಯ್ತು. ಬಾ, ಮೇಡಂ ಒಳಗಿದ್ದಾರೆ. ಈ ಸಲ ನಾನು ತುಟಿ ಪಿಟಕ್ಕನ್ನಲ್ಲ."

ಅವನು ಹೊಸ್ತಿಲಾಚೆಯೇ ನಿಂತ. ಮೇಜಿನವರೆಗೂ ಅವಳು ಒಬ್ಬಳೇ ನಡೆದಳು.

"ಮೇಡಂ... ನಂಗೆ ತತ್ವಶಾಸ್ತ್ರ ಬೇಕು. ಅದನ್ನ ಓದಿದ್ರೆ ಲಾ ಕಾಲೇಜಿಗೆ ಆಗುತ್ತಾ?"

"ಯಾಕಾಗಲ್ಲ? ಅವರು ಪದವಿ ಕೇಳ್ತಾರೆ, ಇಂಥದ್ದೇ ವಿಷಯ ಅಂತಲ್ಲ. ಓದಿದ್ದನ್ನ ಪ್ರಶ್ನೆ ಮಾಡಿ ನೋಡೋದು, ನೆಟ್ಟಗೆ ಬರೆಯೋದು ಕಲಿ. ಮನಸ್ಸಿಲ್ಲದ ವಿಷಯದಲ್ಲಿ ಅದು ಬರಲ್ಲ." ಮೇಡಂ ಹಳೆಯ ವಿಷಯವನ್ನು ಹೊಡೆದುಹಾಕಿ ಹೊಸದನ್ನು ಬರೆದರು. "ಅವತ್ತೇ ಹೇಳೋದಲ್ವಾ?"

ತತ್ವಶಾಸ್ತ್ರದ ತರಗತಿ ಅಂಗಳದಾಚೆಯ ಕಟ್ಟಡದಲ್ಲಿತ್ತು. ಅವಳು ಹೊರಗೆ ಬಂದಾಗ ಅವನು ಅತ್ತಲೇ ನೋಡುತ್ತ ನಿಂತಿದ್ದ.

"ಅವತ್ತು ಅಷ್ಟೊಂದು ಹೆದರಿದ್ಯಾ?" ಮೆಲ್ಲಗೆ ಕೇಳಿದ.

"ಹೆದರಿರ್ಲಿಲ್ಲ."

ಮಾತು ಮತ್ತೆ ನಾಲಿಗೆಯ ತುದಿಗೆ ಬಂದು ನಿಂತಿತು. ಲಾಯರ್ ನೆರವಿಗೆ ಬರಲಿಲ್ಲ. ಕಾದ.

"ತತ್ವಶಾಸ್ತ್ರದ ಕ್ಲಾಸಲ್ಲಿ ನೀನಿರಲ್ವಲ್ಲ..." ಅವಳು ತಲೆಯೆತ್ತಿ ಅವನನ್ನು ನೋಡಿದಳು. "ಅದಕ್ಕೇ ಅವತ್ತು ಬಾಯಿ ಬರ್ಲಿಲ್ಲ."